ಜಾಗ ತೆರವಾಯಿತು, ಚಿತ್ರ ಉಳಿಯಿತೇ?

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಗೆ ಮಾತಿನ ಸಾಧನವಾಗಿ ಬಂದ ಮೊಬೈಲ್ ಫೋನ್ ಇಂದು ಬಹುಮಟ್ಟಿಗೆ ಚಿತ್ರ ತೆಗೆಯುವ ಮತ್ತು ಚಿತ್ರ ಕೂಡಿಡುವ ಸಾಧನವಾಗಿದ್ದು, ಈ ಬದಲಾವಣೆಗೆ ಜನರ ಹವ್ಯಾಸ ಎಷ್ಟು ಕಾರಣವೋ ಸರ್ಕಾರದ ಮತ್ತು ಮಾರುಕಟ್ಟೆಯ ಅಗತ್ಯಗಳೂ ಅಷ್ಟೇ ಕಾರಣವಾಗಿವೆ. 2020ರ ಮುಂಗಾರು ಹಂಗಾಮಿನಲ್ಲಿ ರಾಜ್ಯ ಸರ್ಕಾರವು ಬೆಳೆ ಸಮೀಕ್ಷೆಯ ಕೆಲಸವನ್ನು ರೈತರ ಕೈಗೇ ಕೊಟ್ಟು, ಶೇಂಗಾ ಹೊಲದಲ್ಲಿ ನಿಂತು ಆ್ಯಪ್ ಮೂಲಕ ಬೆಳೆಯ ಚಿತ್ರ ತೆಗೆದು ಕಳುಹಿಸುವಂತೆ ಮಾಡಿತು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಿಯನ್ನು ದಿನಕ್ಕೆ ಎರಡು ಬಾರಿ ಚಿತ್ರಸಹಿತ ದಾಖಲಿಸುವುದು ಕಡ್ಡಾಯವಾದಾಗ ಆ ಹೊಣೆ ಕೂಲಿ ತಂಡಗಳ ಮೇಲ್ವಿಚಾರಕರಾದ ಕಾಯಕ ಬಂಧುಗಳ ಫೋನಿನ ಮೇಲೆ ಬಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವ್ಯಾಪಾರದಲ್ಲಿಯೂ ಸೆರಗು, ಅಂಚು, ಬುಟ್ಟಾಗಳ ಚಿತ್ರವನ್ನು ಗಿರಾಕಿಯ ವಾಟ್ಸ್ಆ್ಯಪಿಗೆ ಮೊದಲು ಕಳುಹಿಸದೆ ವ್ಯವಹಾರ ಮುಂದುವರಿಯುವುದು ಅಪರೂಪವಾಗಿದೆ. ಇವುಗಳ ಜೊತೆಗೆ ಮದುವೆ, ನಾಮಕರಣ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರು, ಗೌರಸಮುದ್ರದ ಮಾರಮ್ಮನ ಜಾತ್ರೆ ಎಂದು ಸೇರುತ್ತ ಹೋದ ಚಿತ್ರಗಳು ಒಂದು ದಿನ ಫೋನಿನ ಪರದೆಯ ಮೇಲೆ ‘ಸ್ಟೋರೇಜ್ ಫುಲ್’ ಎಂಬ ಎಚ್ಚರಿಕೆಯಾಗಿ ಕಾಣಿಸಿಕೊಳ್ಳುತ್ತವೆ.

ಈ ಎಚ್ಚರಿಕೆಗೆ ಮೊಬೈಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪರಿಹಾರ ಒಂದೇ: ಒಂದು ಮೆಮೊರಿ ಕಾರ್ಡ್ ಹಾಕಿಸಿ, ಚಿತ್ರಗಳನ್ನೆಲ್ಲ ಅದಕ್ಕೆ ಸಾಗಿಸುವುದು. ಪರಿಹಾರವು ತಪ್ಪಲ್ಲ, ಆದರೆ ಅರ್ಧದ್ದು. ಫೋನಿನಲ್ಲಿ ಜಾಗ ಮಾಡುವುದು ಮತ್ತು ಚಿತ್ರಗಳನ್ನು ಕಾಪಾಡುವುದು ಎರಡು ಬೇರೆ ಬೇರೆ ಕೆಲಸಗಳಾಗಿದ್ದು, ಮೊದಲನೆಯದನ್ನು ಮಾಡಿದ ಮಾತ್ರಕ್ಕೆ ಎರಡನೆಯದೂ ಆಯಿತೆಂದು ತಿಳಿಯುವುದರಿಂದಲೇ ಹೆಚ್ಚಿನ ನಷ್ಟಗಳು ಉಂಟಾಗುತ್ತವೆ. ಈ ವ್ಯತ್ಯಾಸ ಸ್ಪಷ್ಟವಾಗಬೇಕಾದರೆ ಫೋನಿನೊಳಗಿನ ಜಾಗ ಎಂದರೇನು, ಅದು ತುಂಬುವುದು ಯಾವುದರಿಂದ, ಕಾರ್ಡ್ ಎಂಬ ವಸ್ತುವಿನ ಸ್ವಭಾವವೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಫೋನಿನ ಪೆಟ್ಟಿಗೆಯ ಮೇಲೆ ‘4 ಜಿ.ಬಿ., 64 ಜಿ.ಬಿ.’ ಎಂದು ಎರಡು ಸಂಖ್ಯೆಗಳು ಒಟ್ಟಿಗೆ ಮುದ್ರಿತವಾಗಿರುವುದರಿಂದ ಅವೆರಡನ್ನೂ ಮೆಮೊರಿ ಎಂದೇ ಕರೆಯುವ ರೂಢಿಯಿದೆಯಾದರೂ ಅವುಗಳ ಕೆಲಸ ಬೇರೆ. ಚಿಕ್ಕ ಸಂಖ್ಯೆಯು ರ್‍ಯಾಮ್ ಅನ್ನು ಸೂಚಿಸುತ್ತದೆ. ಆ ಕ್ಷಣದಲ್ಲಿ ತೆರೆದಿರುವ ಆ್ಯಪ್‌ಗಳು ತಮ್ಮ ಕೆಲಸಕ್ಕೆ ಬಳಸುವ ಈ ತಾತ್ಕಾಲಿಕ ಜಾಗವು ಫೋನ್ ಆಫ್ ಆದೊಡನೆ ಬರಿದಾಗುತ್ತದೆ. ದೊಡ್ಡ ಸಂಖ್ಯೆಯು ಸ್ಟೋರೇಜ್, ಅಂದರೆ ವಿದ್ಯುತ್ ಇಲ್ಲದಿದ್ದರೂ ಮಾಹಿತಿಯನ್ನು ಹಿಡಿದಿಟ್ಟುಕೊಳ್ಳುವ ಶಾಶ್ವತ ಜಾಗ. ಮೆಮೊರಿ ಕಾರ್ಡ್ ಹೆಚ್ಚಿಸುವುದು ಈ ಎರಡನೆಯದನ್ನು ಮಾತ್ರ. ಆದ್ದರಿಂದ ರ್‍ಯಾಮ್ ಸಾಲದೆ ಹ್ಯಾಂಗ್ ಆಗುವ ಫೋನಿಗೆ ಎಷ್ಟು ದೊಡ್ಡ ಕಾರ್ಡ್ ಹಾಕಿಸಿದರೂ ಅದು ಚುರುಕಾಗುವುದಿಲ್ಲ. ಕಾರ್ಡ್ ಹಾಕಿಸಿದ ಮೇಲೂ ಫೋನ್ ನಿಧಾನವಾಗಿಯೇ ಇದೆ ಎಂಬ ದೂರಿಗೆ ಹಲವು ಬಾರಿ ಇದೇ ಉತ್ತರ.

ಸ್ಟೋರೇಜ್ ಬಹುಪಾಲು ತುಂಬಿದಾಗಲೂ ಫೋನ್ ನಿಧಾನವಾಗುವುದುಂಟು, ಮತ್ತು ಅದರ ಕಾರಣ ಫ್ಲ್ಯಾಶ್ ಮೆಮೊರಿಯ ರಚನೆಯಲ್ಲಿಯೇ ಇದೆ. ಜಪಾನಿನ ತೋಷಿಬಾ ಸಂಸ್ಥೆಯ ಎಂಜಿನಿಯರ್ ಫುಜಿಯೊ ಮಸುವೊಕ 1984ರಲ್ಲಿ ಲೋಕಕ್ಕೆ ತಿಳಿಸಿದ ಈ ತಂತ್ರದಲ್ಲಿ, ಸಿಲಿಕಾನಿನ ಮೇಲೆ ರಚಿಸಿದ ಅತಿಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ ಕಣಗಳನ್ನು ಸೆರೆಹಿಡಿದು, ಅವುಗಳ ಪ್ರಮಾಣವನ್ನೇ ಮಾಹಿತಿಯಾಗಿ ಓದಲಾಗುತ್ತದೆ. ಇಲ್ಲಿ ಬರೆಯುವುದು ‘ಪುಟ’ ಎಂಬ ಚಿಕ್ಕ ಘಟಕಗಳಲ್ಲಾದರೆ ಅಳಿಸುವುದು ಅನೇಕ ಪುಟಗಳು ಕೂಡಿದ ‘ಬ್ಲಾಕ್’ ಎಂಬ ದೊಡ್ಡ ಘಟಕಗಳಲ್ಲಿ. ಹೀಗಾಗಿ ಖಾಲಿ ಬ್ಲಾಕ್‌ಗಳು ಕಡಿಮೆಯಾದಂತೆ, ಒಂದು ಹೊಸ ಚಿತ್ರವನ್ನು ಬರೆಯುವ ಮೊದಲು ಹಳೆಯ ಬ್ಲಾಕಿನಲ್ಲಿ ಉಳಿಯಬೇಕಾದ ಪುಟಗಳನ್ನು ಬೇರೆಡೆಗೆ ನಕಲಿಸಿ, ಆ ಬ್ಲಾಕನ್ನು ಪೂರ್ತಿ ಅಳಿಸಿ, ಆಮೇಲೆ ಬರೆಯಬೇಕಾದ ಪರಿಸ್ಥಿತಿ ಉಂಟಾಗುತ್ತದೆ. ಸಂತೆಯ ದಿನ ತುಂಬಿ ತುಳುಕುವ ಬಸ್ಸಿನ ಹಿಂದಿನ ಸೀಟಿನವರು ಇಳಿಯಬೇಕಾದರೆ ಮುಂದಿನವರೆಲ್ಲ ಒಮ್ಮೆ ಕೆಳಗಿಳಿದು ಮತ್ತೆ ಹತ್ತಬೇಕಾಗುವಂತೆ, ತುಂಬಿದ ಫೋನಿನಲ್ಲಿ ಒಂದು ಸಣ್ಣ ಕೆಲಸಕ್ಕೂ ಹಲವು ಕೆಲಸಗಳು ನಡೆಯುತ್ತವೆ. ಪ್ರತಿ ಕೋಶವನ್ನು ಅಳಿಸಿ ಬರೆಯುವುದಕ್ಕೂ ಒಂದು ಮಿತಿಯಿರುವುದರಿಂದ ಈ ಅನಗತ್ಯ ಓಡಾಟವು ಫ್ಲ್ಯಾಶ್ ಮೆಮೊರಿಯ ಆಯುಸ್ಸನ್ನೂ ತಿನ್ನುತ್ತದೆ. ಒಟ್ಟು ಜಾಗದಲ್ಲಿ ಹತ್ತರಲ್ಲೊಂದು ಭಾಗವನ್ನಾದರೂ ಸದಾ ಖಾಲಿ ಬಿಡುವುದು ಲೇಸು ಎಂದು ಹೇಳುವುದು ಈ ಕಾರಣಕ್ಕೇ.

ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಫೋನ್ ತೋರಿಸುವ ಸಂಖ್ಯೆಗೂ ತಾಳೆಯಾಗದಿರುವುದನ್ನು ಕೆಲವರು ಅಂಗಡಿಯವನ ಮೋಸವೆಂದು ಭಾವಿಸುತ್ತಾರೆ. ತಯಾರಕರು ಒಂದು ಜಿ.ಬಿ.ಯನ್ನು 100 ಕೋಟಿ ಬೈಟ್‌ಗಳೆಂದು ಎಣಿಸಿದರೆ, ಹಲವು ಸಾಧನಗಳು ಅದನ್ನು 107 ಕೋಟಿ 37 ಲಕ್ಷಕ್ಕೂ ಹೆಚ್ಚು ಬೈಟ್‌ಗಳೆಂದು ಎಣಿಸುತ್ತವೆ. ಆದ್ದರಿಂದ 32 ಜಿ.ಬಿ.ಯ ಕಾರ್ಡ್ 29.8 ಎಂದೂ 64 ಜಿ.ಬಿ.ಯದು 59.6 ಎಂದೂ ಕಾಣಿಸಿಕೊಳ್ಳುವುದು ಸಹಜ. ಫೋನಿನ ಒಳಗಿನ ಸ್ಟೋರೇಜಿನಲ್ಲಂತೂ ಆಂಡ್ರಾಯ್ಡ್ ವ್ಯವಸ್ಥೆಯೂ ಕಂಪನಿಯೇ ತುಂಬಿ ಕಳುಹಿಸಿದ ಆ್ಯಪ್‌ಗಳೂ ಮೊದಲೇ ಹಲವು ಜಿ.ಬಿ. ನುಂಗಿಕೊಂಡಿರುತ್ತವೆ.

ಇನ್ನು ಉಳಿದ ಜಾಗವನ್ನು ತುಂಬುವುದು ಯಾವುದು ಎಂಬ ಪ್ರಶ್ನೆಯನ್ನು ಕಾರ್ಡ್ ಕೊಳ್ಳುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಉತ್ತರವು ಅನೇಕ ಸಲ ‘ಮನೆಯವರ ಫೋಟೊಗಳು’ ಎಂದಾಗಿರುವುದಿಲ್ಲ. 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದ ಒಂದು ಚಿತ್ರವು ಜೆಪೆಗ್ ರೂಪದಲ್ಲಿ ಸಾಮಾನ್ಯವಾಗಿ 3ರಿಂದ 5 ಎಂ.ಬಿ.ಯಷ್ಟಿರುತ್ತದೆ, ಜೆಪೆಗ್ ಎಂಬುದು ಕಣ್ಣಿಗೆ ಅಷ್ಟಾಗಿ ಗೋಚರಿಸದ ಸೂಕ್ಷ್ಮ ವಿವರಗಳನ್ನು ಬಿಟ್ಟು ಚಿತ್ರವನ್ನು ಚಿಕ್ಕದಾಗಿ ಬರೆದಿಡುವ, 1992ರಲ್ಲಿ ಮಾನದಂಡವಾಗಿ ಒಪ್ಪಿತವಾದ ವಿಧಾನ. ಇದಕ್ಕೆ ಹೋಲಿಸಿದರೆ ಫುಲ್ ಎಚ್‌ಡಿ ಗುಣಮಟ್ಟದ ವಿಡಿಯೊ ಒಂದು ನಿಮಿಷಕ್ಕೆ 100ರಿಂದ 130 ಎಂ.ಬಿ. ಕೇಳುತ್ತದೆ. ತೇರು ಹೊರಟು ಸಾಗುವವರೆಗಿನ 10 ನಿಮಿಷದ ದೃಶ್ಯವು ಹೀಗೆ ಒಂದು ಜಿ.ಬಿ.ಗೂ ಮಿಕ್ಕಿ ಜಾಗ ಹಿಡಿಯುತ್ತದೆ, ಅಂದರೆ ಸುಮಾರು 300 ಚಿತ್ರಗಳಿಗೆ ಸಮನಾಗುತ್ತದೆ. ಜಾಗ ಮಾಡಬೇಕೆಂದು ಕುಳಿತವರು ನೂರಾರು ಚಿತ್ರಗಳನ್ನು ಒಂದೊಂದಾಗಿ ನೋಡಿ ಅಳಿಸುವ ಬದಲು ಗಾತ್ರದ ಕ್ರಮದಲ್ಲಿ ಜೋಡಿಸಿ ಮೊದಲ ಹತ್ತು ವಿಡಿಯೊಗಳನ್ನು ನೋಡಿದರೆ ಕೆಲಸ ಬೇಗ ಮುಗಿಯುತ್ತದೆ.

ವಾಟ್ಸ್ಆ್ಯಪಿನ ಪಾಲು ಬೇರೆಯದೇ ಕಥೆ. ಆಂಡ್ರಾಯ್ಡ್ 11ರ ನಂತರದ ಫೋನ್‌ಗಳಲ್ಲಿ ಈ ಆ್ಯಪ್ ತನ್ನ ಚಿತ್ರ, ವಿಡಿಯೊ, ಧ್ವನಿಗಳನ್ನು ‘ಆಂಡ್ರಾಯ್ಡ್’ ಎಂಬ ಫೋಲ್ಡರಿನೊಳಗಿನ ‘ಮೀಡಿಯಾ’ ಎಂಬ ಉಪಫೋಲ್ಡರಿನಲ್ಲಿ ಇಡುತ್ತದೆ, ಮತ್ತು ಅದನ್ನು ಕಾರ್ಡಿಗೆ ಬದಲಾಯಿಸುವ ಆಯ್ಕೆಯನ್ನು ಕೊಡುವುದಿಲ್ಲ. ಬೆಳಗಿನ ಶುಭೋದಯದ ಹೂಗಳು, ರಾಜಕೀಯ ಪಕ್ಷಗಳ ಗುಂಪಿನ ವಿಡಿಯೊಗಳು, ಸಂಘದ ಗುಂಪಿನಲ್ಲಿ ಒಂದೇ ಸೂಚನೆಯನ್ನು ಐದು ಜನ ಹಾಕಿದ ಐದು ಪ್ರತಿಗಳು, ಎಲ್ಲವೂ ಆಟೊ-ಡೌನ್‌ಲೋಡ್ ಚಾಲೂ ಇದ್ದರೆ ಯಾರ ಅಪ್ಪಣೆಯನ್ನೂ ಕೇಳದೆ ಬಂದು ಕೂರುತ್ತವೆ. ಇದರ ಮೇಲೆ ‘ಸೆಂಟ್’ ಎಂಬ ಇನ್ನೊಂದು ಫೋಲ್ಡರಿದೆ. ಗ್ಯಾಲರಿಯಿಂದ ಕಳುಹಿಸಿದ ಪ್ರತಿಯೊಂದು ಚಿತ್ರದ ಕುಗ್ಗಿಸಿದ ನಕಲು ಅಲ್ಲಿ ಉಳಿಯುವುದರಿಂದ, ದಿನಕ್ಕೆ ಐವತ್ತು ಸೀರೆಗಳ ಚಿತ್ರ ಕಳುಹಿಸುವ ವ್ಯಾಪಾರಿಯ ಫೋನಿನಲ್ಲಿ ಪ್ರತಿ ಸೀರೆಯೂ ಎರಡೆರಡು ಬಾರಿ ಇರುತ್ತದೆ. ವಾಟ್ಸ್ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿರುವ ‘ಮ್ಯಾನೇಜ್ ಸ್ಟೋರೇಜ್’ ಎಂಬ ಭಾಗವು 5 ಎಂ.ಬಿ.ಗಿಂತ ದೊಡ್ಡ ಫೈಲುಗಳನ್ನೂ ಹಲವು ಬಾರಿ ಫಾರ್ವರ್ಡ್ ಆದವುಗಳನ್ನೂ ಬೇರೆ ಮಾಡಿ ತೋರಿಸುತ್ತದೆ. ಕಾರ್ಡಿಗೆ ಹಣ ಹಾಕುವ ಮುನ್ನ ಇಲ್ಲಿ ಅರ್ಧ ಗಂಟೆ ಕಳೆದರೆ ಕಾರ್ಡಿನ ಅಗತ್ಯವೇ ಬೀಳದಿರಬಹುದು. ಬೇಡದ್ದನ್ನು ಅಳಿಸದೆ ಕಾರ್ಡಿಗೆ ಸಾಗಿಸುವುದೆಂದರೆ ಕಸವನ್ನು ಹಣ ಕೊಟ್ಟು ಕೂಡಿಟ್ಟಂತೆ.

ಇಷ್ಟಾದ ಮೇಲೂ ಉಳಿಯಬೇಕಾದ ಚಿತ್ರಗಳು ಹೆಚ್ಚಾಗಿದ್ದರೆ ಕಾರ್ಡ್ ಬೇಕು. ಎಸ್‌ಡಿ ಕಾರ್ಡನ್ನು 1999ರಲ್ಲಿ ಪ್ಯಾನಸಾನಿಕ್, ಸ್ಯಾನ್‌ಡಿಸ್ಕ್ ಮತ್ತು ತೋಷಿಬಾ ಸಂಸ್ಥೆಗಳು ಕೂಡಿ ರೂಪಿಸಿದವು. ಫೋನ್‌ಗಳಿಗಾಗಿ ಅದನ್ನು 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲಕ್ಕೆ ಇಳಿಸಿದ ಮೈಕ್ರೊಎಸ್‌ಡಿ ರೂಪವು 2005ರಲ್ಲಿ ಮಾನದಂಡವಾಯಿತು. ಕರ್ನಾಟಕದ ಹಳ್ಳಿಗಳಿಗೆ ಈ ಕಾರ್ಡ್ ಬಂದದ್ದು ಚಿತ್ರಗಳಿಗಾಗಿ ಅಲ್ಲ, ಹಾಡುಗಳಿಗಾಗಿ. ಇಂಟರ್ನೆಟ್ ದುಬಾರಿಯಾಗಿದ್ದ ಕಾಲದಲ್ಲಿ ಪೇಟೆಯ ಕರೆನ್ಸಿ ಅಂಗಡಿಯ ಕಂಪ್ಯೂಟರಿನಿಂದ ಸಿನಿಮಾ ಗೀತೆಗಳನ್ನೂ ಭಕ್ತಿಗೀತೆಗಳನ್ನೂ ‘ಲೋಡ್’ ಮಾಡಿಸಿಕೊಂಡು ಬರುವುದೇ ಕಾರ್ಡಿನ ಮುಖ್ಯ ಉಪಯೋಗವಾಗಿತ್ತು, ಮತ್ತು ಆ ಹಾಡುಗಳು ಹೋದರೆ ಮತ್ತೊಮ್ಮೆ ಹಾಕಿಸಿದರಾಯಿತು ಎಂಬ ನಿಶ್ಚಿಂತೆಯಿತ್ತು. ಕಾರ್ಡಿನ ಬಗೆಗಿನ ಈಗಿನ ಧೋರಣೆಯಲ್ಲಿ ಆ ಕಾಲದ ನಿಶ್ಚಿಂತೆಯೇ ಮುಂದುವರಿದಿದೆ ಎನಿಸುತ್ತದೆ. ತೀರಿಹೋದ ತಾಯಿಯ ಚಿತ್ರವನ್ನು ಅಂಗಡಿಯಲ್ಲಿ ಮತ್ತೊಮ್ಮೆ ಲೋಡ್ ಮಾಡಿಸಲಾಗದು ಎಂಬ ವ್ಯತ್ಯಾಸವಷ್ಟೇ ಗಮನಕ್ಕೆ ಬಂದಿಲ್ಲ.

ಕಾರ್ಡಿನ ಮೇಲಿನ ಗುರುತುಗಳನ್ನು ಓದಲು ಕಲಿಯುವುದು ಕಷ್ಟವಲ್ಲ. 2 ಜಿ.ಬಿ.ಗಿಂತ ಹೆಚ್ಚಿನ, 32 ಜಿ.ಬಿ.ವರೆಗಿನವು ಎಸ್‌ಡಿಎಚ್‌ಸಿ ವರ್ಗಕ್ಕೂ, ಅಲ್ಲಿಂದ ಮುಂದೆ 2,000 ಜಿ.ಬಿ.ವರೆಗಿನವು ಎಸ್‌ಡಿಎಕ್ಸ್‌ಸಿ ವರ್ಗಕ್ಕೂ ಸೇರುತ್ತವೆ; ಹಳೆಯ ಫೋನ್‌ಗಳು ಎರಡನೆಯ ವರ್ಗವನ್ನು ಓದದೇ ಇರಬಹುದಾದ್ದರಿಂದ ಫೋನಿನ ಮಿತಿಯನ್ನು ಮೊದಲು ತಿಳಿಯಬೇಕು. ಮೊದಲ ವರ್ಗದ ಕಾರ್ಡ್‌ಗಳು ಬಳಸುವ ಫ್ಯಾಟ್32 ಎಂಬ ಕಡತ ವ್ಯವಸ್ಥೆಯಲ್ಲಿ, ಅಂದರೆ ಫೈಲುಗಳ ಹೆಸರು ಮತ್ತು ನೆಲೆಯನ್ನು ಬರೆದಿಡುವ ಪದ್ಧತಿಯಲ್ಲಿ, 4 ಜಿ.ಬಿ.ಗಿಂತ ದೊಡ್ಡದಾದ ಒಂದೇ ಫೈಲು ಹಿಡಿಸುವುದಿಲ್ಲ. ಮದುವೆಯ ದೀರ್ಘ ವಿಡಿಯೊ ಕಾರ್ಡಿಗೆ ಹೋಗಲೊಲ್ಲದೆ ನಿಲ್ಲುವುದು ಜಾಗ ಸಾಲದ್ದರಿಂದಲ್ಲ, ಈ ಮಿತಿಯಿಂದ. ವೃತ್ತದೊಳಗಿನ 10 ಎಂಬ ಅಂಕೆ ಸೆಕೆಂಡಿಗೆ ಕನಿಷ್ಠ 10 ಎಂ.ಬಿ. ಬರೆಯುವ ವೇಗವನ್ನೂ, ಯು ಅಕ್ಷರದೊಳಗಿನ 3 ಎಂಬುದು 30 ಎಂ.ಬಿ.ಯನ್ನೂ ಸೂಚಿಸುತ್ತವೆ. ಚಿತ್ರಗಳನ್ನು ಇಡುವುದಕ್ಕೆ ಮೊದಲನೆಯದೇ ಸಾಕು. 64 ಜಿ.ಬಿ.ಯ ಕಾರ್ಡಿನಲ್ಲಿ 4 ಎಂ.ಬಿ.ಯ ಸುಮಾರು 15,000 ಚಿತ್ರಗಳು ಹಿಡಿಸುತ್ತವೆ.

ವೇಗಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ನಕಲಿ ಕಾರ್ಡಿನ ಬಗ್ಗೆ. ಸಂತೆ, ಜಾತ್ರೆ, ಬಸ್ ನಿಲ್ದಾಣಗಳಲ್ಲಿಯೂ ಆನ್‌ಲೈನಿನಲ್ಲಿಯೂ ನಂಬಲಾಗದ ಅಗ್ಗದ ಬೆಲೆಗೆ ಸಿಗುವ ದೊಡ್ಡ ಗಾತ್ರದ ಕಾರ್ಡ್‌ಗಳಲ್ಲಿ ಕೆಲವು ಒಳಗೆ 8 ಅಥವಾ 16 ಜಿ.ಬಿ. ಮಾತ್ರ ಹೊಂದಿದ್ದು, ಒಳಗಿನ ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುವುದರಿಂದ ಫೋನಿಗೆ 256 ಎಂದು ತೋರಿಸಿಕೊಳ್ಳುತ್ತವೆ. ನಿಜವಾದ ಜಾಗ ಮುಗಿದ ಮೇಲೂ ಕಾರ್ಡ್ ‘ಬರೆದೆ’ ಎಂದೇ ಉತ್ತರಿಸುತ್ತ, ಹೊಸ ಚಿತ್ರಗಳನ್ನು ಹಳೆಯವುಗಳ ಮೇಲೆಯೇ ಬರೆಯುತ್ತದೆ ಅಥವಾ ಎಲ್ಲಿಯೂ ಬರೆಯುವುದಿಲ್ಲ. ಹೆಸರುಗಳು ಮಾತ್ರ ಪಟ್ಟಿಯಲ್ಲಿ ಕಾಣುತ್ತವೆ, ತೆರೆದರೆ ಬೂದು ಬಣ್ಣದ ಚೌಕ. ಮೋಸ ಗೊತ್ತಾಗುವುದು ತಿಂಗಳುಗಳ ನಂತರ. ಆದ್ದರಿಂದ ಹೊಸ ಕಾರ್ಡನ್ನು ಕೊಂಡ ದಿನವೇ ಕಂಪ್ಯೂಟರಿಗೆ ಹಾಕಿ, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಕೊನೆಯ ಅಂಚಿನವರೆಗೆ ಬರೆದು ಮರಳಿ ಓದಿಸಿ ಪರೀಕ್ಷಿಸುವುದು ಸೂಕ್ತ. ಹಳ್ಳಿಯಲ್ಲಿ ಕಂಪ್ಯೂಟರ್ ಸಿಗದಿದ್ದರೆ ಬಿಲ್ ಕೊಡುವ ಅಂಗಡಿಯಿಂದ, ಗ್ಯಾರಂಟಿ ಇರುವ ಕಾರ್ಡನ್ನೇ ಕೊಳ್ಳುವುದು ಎರಡನೆಯ ಮಾರ್ಗ.

ಕಾರ್ಡನ್ನು ಮೊದಲ ಬಾರಿಗೆ ಹಾಕಿದಾಗ ಕೆಲವು ಫೋನ್‌ಗಳು ಒಂದು ಪ್ರಶ್ನೆ ಕೇಳುತ್ತವೆ, ಮತ್ತು ಅವಸರದಲ್ಲಿ ಕೊಟ್ಟ ಉತ್ತರ ಮುಂದೆ ಬಹಳ ತೊಂದರೆಗೆ ಕಾರಣವಾಗುತ್ತದೆ. 2015ರ ಆಂಡ್ರಾಯ್ಡ್ 6ರಿಂದ ಕಾರ್ಡನ್ನು ‘ಪೋರ್ಟಬಲ್’ ಆಗಿ, ಅಂದರೆ ಯಾವ ಸಾಧನಕ್ಕಾದರೂ ಹಾಕಿ ಓದಬಹುದಾದ ಪ್ರತ್ಯೇಕ ಜಾಗವಾಗಿ ಬಳಸಬಹುದು. ಅಥವಾ ‘ಇಂಟರ್ನಲ್’ ಆಗಿ, ಅಂದರೆ ಫೋನಿನದೇ ಸ್ಟೋರೇಜಿನ ವಿಸ್ತರಣೆಯಾಗಿ ಬೆಸೆಯಬಹುದು. ಎರಡನೆಯದರಲ್ಲಿ ಆ್ಯಪ್‌ಗಳೂ ಕಾರ್ಡಿಗೆ ಹೋಗುತ್ತವೆ ಎಂಬ ಅನುಕೂಲವಿದ್ದರೂ, ಕಾರ್ಡಿನಲ್ಲಿರುವುದೆಲ್ಲ ಗೂಢಲಿಪಿಯಾಗಿ ಬದಲಾಗಿ, ಅದನ್ನು ಬಿಡಿಸುವ ಕೀಲಿ ಆ ಒಂದು ಫೋನಿನಲ್ಲಿ ಮಾತ್ರ ಇರುತ್ತದೆ. ಫೋನ್ ನೀರಿಗೆ ಬಿದ್ದೋ ಬೋರ್ಡ್ ಸುಟ್ಟೋ ಕೆಟ್ಟರೆ ಕಾರ್ಡ್ ಗಟ್ಟಿಯಾಗಿದ್ದರೂ ಒಳಗಿನ ಚಿತ್ರಗಳನ್ನು ಬೇರೆ ಯಾವ ಫೋನೂ ತೆರೆಯಲಾರದು. ಚಿತ್ರಗಳನ್ನು ಉಳಿಸುವ ಉದ್ದೇಶಕ್ಕೆ ಪೋರ್ಟಬಲ್ ಒಂದೇ ಸರಿಯಾದ ಆಯ್ಕೆ.

ಸಾಗಿಸುವ ಕೆಲಸವನ್ನು ಫೋನಿನ ‘ಫೈಲ್ಸ್’ ಅಥವಾ ‘ಫೈಲ್ ಮ್ಯಾನೇಜರ್’ ಆ್ಯಪಿನಿಂದ ಮಾಡಲಾಗುತ್ತದೆ. ಅಲ್ಲಿ ‘ಮೂವ್’ ಮತ್ತು ‘ಕಾಪಿ’ ಎಂಬ ಎರಡು ಆಜ್ಞೆಗಳಿದ್ದು, ಮೊದಲನೆಯದು ಕಾರ್ಡಿಗೆ ಬರೆದು ಫೋನಿನಿಂದ ತಾನೇ ಅಳಿಸುತ್ತದೆ, ಎರಡನೆಯದು ಎರಡೂ ಕಡೆ ಉಳಿಸುತ್ತದೆ. ಮೂವ್ ಸುಲಭವೆಂಬ ಕಾರಣಕ್ಕೆ ಎಲ್ಲರೂ ಅದನ್ನೇ ಒತ್ತುತ್ತಾರೆ; ಆದರೆ ಸಾವಿರಾರು ಚಿತ್ರಗಳು ಹೋಗುತ್ತಿರುವ ನಡುವೆ ಬ್ಯಾಟರಿ ಮುಗಿದರೆ, ಕಾರ್ಡ್ ಅಲುಗಿದರೆ, ಅಥವಾ ಕಾರ್ಡ್ ನಕಲಿಯಾಗಿದ್ದರೆ, ಅಳಿಸಿದ್ದಕ್ಕೆ ಲೆಕ್ಕವಿದ್ದು ಬರೆದದ್ದಕ್ಕೆ ಲೆಕ್ಕವಿರುವುದಿಲ್ಲ. ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾದ ಚಿತ್ರಗಳಿರುವ ಡಿಸಿಐಎಂ ಎಂಬ ಫೋಲ್ಡರನ್ನು ಒಂದೇ ಬಾರಿಗೆ ಅಲ್ಲದೆ ಕೆಲವು ನೂರರಂತೆ ಕಾಪಿ ಮಾಡಿ, ಎರಡೂ ಕಡೆಯ ಸಂಖ್ಯೆ ಮತ್ತು ಗಾತ್ರ ತಾಳೆಯಾಗುವುದನ್ನು ನೋಡಿ, ಕಾರ್ಡಿನಲ್ಲಿರುವ ಕೆಲವು ಚಿತ್ರಗಳನ್ನೂ ವಿಡಿಯೊಗಳ ಕೊನೆಯ ಭಾಗವನ್ನೂ ತೆರೆದು ಪರೀಕ್ಷಿಸಿದ ಮೇಲೆ ಫೋನಿನಲ್ಲಿರುವುದನ್ನು ಅಳಿಸುವುದು ನಿಧಾನದ ದಾರಿಯಾದರೂ ನಷ್ಟದ ದಾರಿಯಲ್ಲ. ಕಾರ್ಡನ್ನು ಹೊರತೆಗೆಯುವಾಗ ಸೆಟ್ಟಿಂಗ್ಸ್‌ನಲ್ಲಿ ‘ಎಜೆಕ್ಟ್’ ಒತ್ತಿದ ನಂತರವೇ ಟ್ರೇ ಎಳೆಯಬೇಕು, ಏಕೆಂದರೆ ಫೋನ್ ಬರೆಯುತ್ತಿರುವ ಕ್ಷಣದಲ್ಲಿ ಎಳೆದರೆ ಕೆಡುವುದು ಒಂದು ಚಿತ್ರವಲ್ಲ, ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು.

ಸಾಗಿಸಿದ ನಂತರ ಎದುರಾಗುವ ಒಂದು ವಿಚಿತ್ರವೆಂದರೆ ಹಳೆಯ ಚಿತ್ರಗಳಲ್ಲಿ ಹಲವು ಗ್ಯಾಲರಿಯಲ್ಲಿ ಇಂದಿನ ದಿನಾಂಕದ ಕೆಳಗೆ ಬಂದು ನಿಲ್ಲುವುದು. ಕ್ಯಾಮೆರಾದಿಂದ ತೆಗೆದ ಚಿತ್ರದೊಳಗೆ ತೆಗೆದ ದಿನ, ಸಮಯ, ಕೆಲವು ಬಾರಿ ಸ್ಥಳವನ್ನೂ ದಾಖಲಿಸುವ ಎಕ್ಸಿಫ್ ಎಂಬ ಗುಪ್ತ ಟಿಪ್ಪಣಿ ಇರುವುದರಿಂದ ಅವು ತಮ್ಮ ಸ್ಥಾನವನ್ನು ಉಳಿಸಿಕೊಳ್ಳುತ್ತವೆ. ವಾಟ್ಸ್ಆ್ಯಪ್ ಮೂಲಕ ಬಂದ ಚಿತ್ರಗಳಿಂದ ಆ ಟಿಪ್ಪಣಿ ತೆಗೆದುಹಾಕಲ್ಪಟ್ಟಿರುವುದರಿಂದ ಹಲವು ಫೋನ್‌ಗಳು ನಕಲಿಸಿದ ದಿನವನ್ನೇ ಅವುಗಳ ದಿನವೆಂದು ತಿಳಿಯುತ್ತವೆ. ಆದರೂ ಅವುಗಳ ಹೆಸರಿನಲ್ಲಿ ದಿನಾಂಕ ಉಳಿದಿರುತ್ತದೆ: ‘ಐಎಂಜಿ-20210314-ಡಬ್ಲ್ಯುಎ0007’ ಎಂಬ ಫೈಲು 2021ರ ಮಾರ್ಚ್ 14ರಂದು ಬಂದದ್ದು. ಆದ್ದರಿಂದ ಇಂತಹ ಚಿತ್ರಗಳ ಹೆಸರನ್ನು ಬದಲಾಯಿಸದೆ, ಕಾರ್ಡಿನಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ ಇಡುವುದು ಉಪಯುಕ್ತ. ವಾಟ್ಸ್ಆ್ಯಪಿನ ಫೋಲ್ಡರಿನಿಂದ ಚಿತ್ರವನ್ನು ತೆಗೆದುಕೊಂಡು ಹೋದ ಮೇಲೆ ಆ ಸಂಭಾಷಣೆಯೊಳಗೆ ಅದು ಮಸುಕಾಗಿ ಕಾಣುತ್ತದೆ ಮತ್ತು ತೆರೆಯುವುದಿಲ್ಲ; ಚಿತ್ರ ಕಾರ್ಡಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ, ಗಾಬರಿಗೆ ಕಾರಣವಿಲ್ಲ.

ಅಳಿಸಿದರೂ ಜಾಗ ಹೆಚ್ಚಲಿಲ್ಲ ಎಂಬ ಗೊಂದಲಕ್ಕೆ ಉತ್ತರ ‘ಟ್ರ್ಯಾಶ್’ ಅಥವಾ ‘ಬಿನ್’ ಎಂಬ ಬುಟ್ಟಿಯಲ್ಲಿದೆ. ಈಗಿನ ಗ್ಯಾಲರಿ ಆ್ಯಪ್‌ಗಳು ಅಳಿಸಿದ್ದನ್ನು ಸಾಮಾನ್ಯವಾಗಿ ಒಂದು ತಿಂಗಳವರೆಗೆ ಬುಟ್ಟಿಯಲ್ಲಿಟ್ಟು ಕಾಯುತ್ತವೆ. ಬುಟ್ಟಿಯನ್ನು ಖಾಲಿ ಮಾಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅಕ್ಕಪಕ್ಕದಲ್ಲಿರುವ ‘ಕ್ಲಿಯರ್ ಕ್ಯಾಶ್’ ಮತ್ತು ‘ಕ್ಲಿಯರ್ ಡೇಟಾ’ ಎಂಬ ಎರಡು ಗುಂಡಿಗಳ ವ್ಯತ್ಯಾಸ. ಕ್ಯಾಶ್ ಎಂದರೆ ಆ್ಯಪ್ ತನ್ನ ಅನುಕೂಲಕ್ಕೆ ತಾತ್ಕಾಲಿಕವಾಗಿ ಇಟ್ಟುಕೊಂಡ, ಮತ್ತೆ ತರಿಸಿಕೊಳ್ಳಬಹುದಾದ ಸಾಮಗ್ರಿ. ಡೇಟಾ ಎಂದರೆ ಆ್ಯಪಿನ ಸ್ವಂತ ದಾಖಲೆ. ನೆಟ್‌ವರ್ಕ್ ಸಿಗದ ಹೊಲದಲ್ಲಿಯೋ ಕೆರೆ ಹೂಳೆತ್ತುವ ಜಾಗದಲ್ಲಿಯೋ ತೆಗೆದು, ಆಮೇಲೆ ಕಳುಹಿಸೋಣವೆಂದು ಸರ್ಕಾರಿ ಆ್ಯಪಿನೊಳಗೆ ಉಳಿಸಿದ ಚಿತ್ರಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಕಾರ್ಡಿಗೂ ಹೋಗುವುದಿಲ್ಲ, ಮತ್ತು ಜಾಗ ಮಾಡುವ ಭರದಲ್ಲಿ ಆ ಆ್ಯಪಿನ ಡೇಟಾ ಅಳಿಸಿದರೆ ಒಂದು ದಿನದ ಹಾಜರಿಯೋ ಒಂದು ಸರ್ವೆ ನಂಬರಿನ ಬೆಳೆಯೋ ದಾಖಲೆಯಿಲ್ಲದೆ ಹೋಗುತ್ತದೆ. ಕೂಲಿ ಮತ್ತು ವಿಮೆಯ ಹಣ ಇಂತಹ ಚಿತ್ರಗಳ ಮೇಲೆ ನಿಂತಿರುವಾಗ, ಬಾಕಿ ಅಪ್‌ಲೋಡ್‌ಗಳು ಮುಗಿದಿವೆಯೇ ಎಂದು ನೋಡದೆ ಯಾವ ಆ್ಯಪಿನ ಡೇಟಾವನ್ನೂ ಮುಟ್ಟಬಾರದು.

ಇಷ್ಟೆಲ್ಲ ಮುಗಿದು ಫೋನ್ ಹಗುರಾದ ಮೇಲೆ ಪ್ರಶ್ನೆ ಉಳಿಯುವುದು ಚಿತ್ರಗಳ ಬಗ್ಗೆ. ಮೊದಲು ಫೋನಿನಲ್ಲಿ ಒಂದು ಪ್ರತಿ ಇತ್ತು, ಈಗ ಕಾರ್ಡಿನಲ್ಲಿ ಒಂದು ಪ್ರತಿ ಇದೆ. ಪ್ರತಿಗಳ ಸಂಖ್ಯೆ ಹೆಚ್ಚಿಲ್ಲ, ಇರುವ ಒಂದೂ ಫೋನಿಗಿಂತ ದುರ್ಬಲವಾದ ಜಾಗಕ್ಕೆ ಹೋಗಿದೆ. ಉಗುರಿನಷ್ಟು ಚಿಕ್ಕದಾದ ಕಾರ್ಡ್ ಕಳೆದುಹೋಗುವುದು ಸುಲಭ, ಬಾಗಿದರೆ ಒಡೆಯುತ್ತದೆ, ಮತ್ತು ಅದರ ಒಳಗಿನ ಚಿಪ್ ಅನೇಕ ಬಾರಿ ಫೋನಿನ ಚಿಪ್ಪಿಗಿಂತ ಕಡಿಮೆ ದರ್ಜೆಯದಾಗಿರುತ್ತದೆ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಕಾರ್ಡಿನ ಕೋಶಗಳಿಂದ ವಿದ್ಯುತ್ ಕಣಗಳು ನಿಧಾನವಾಗಿ ಸೋರುತ್ತವೆ, ಬಿಸಿ ಹೆಚ್ಚಾದಷ್ಟೂ ಆ ಸೋರಿಕೆ ಹೆಚ್ಚುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಕಪಾಟು ಇದಕ್ಕೆ ತಕ್ಕ ಸ್ಥಳವಲ್ಲ.

ಉಳಿಯಬೇಕಾದ ಮಾತನ್ನು ಒಂದೇ ಕಡೆ ಇಡಬಾರದೆಂಬುದಕ್ಕೆ ಇದೇ ತಾಲ್ಲೂಕಿನ ಬಂಡೆಗಳಿಗಿಂತ ಹಳೆಯ ಸಾಕ್ಷ್ಯ ಕರ್ನಾಟಕದಲ್ಲಿ ಸಿಗಲಾರದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಅಶೋಕನ ಆಜ್ಞೆಯನ್ನು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ, ಪರಸ್ಪರ ಕೆಲವೇ ಕಿಲೋಮೀಟರ್ ದೂರದ ಮೂರು ಕಡೆ ಕೆತ್ತಲಾಯಿತು, ಮತ್ತು ಚಪಡ ಎಂಬ ಲಿಪಿಕಾರ ಅವುಗಳಲ್ಲಿ ತನ್ನ ಹೆಸರನ್ನೂ ಬರೆದ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವುಗಳನ್ನು ಪತ್ತೆಹಚ್ಚಿದಾಗ, ಜನ ಅಕ್ಷರಗುಂಡು ಎಂದು ಕರೆಯುತ್ತಿದ್ದ ಬ್ರಹ್ಮಗಿರಿಯ ಬಂಡೆಯ ಪಾಠ ಬಹುಮಟ್ಟಿಗೆ ಓದುವಂತಿತ್ತು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಕಾರಣ ಬಳೆಗಾರ ಗುಂಡು ಎನಿಸಿಕೊಂಡ ಜಟಿಂಗ ರಾಮೇಶ್ವರದ ಬಂಡೆಯ ಪಾಠ ತೀರ ಸವೆದಿತ್ತು. ಸವೆದ ಪಾಠದಲ್ಲಿ ಏನಿತ್ತೆಂಬುದನ್ನು ವಿದ್ವಾಂಸರು ತಿಳಿದದ್ದು ಉಳಿದೆರಡರೊಡನೆ ಹೋಲಿಸಿ. ಕೆತ್ತಿಸಿದವರ ಉದ್ದೇಶ ಹೆಚ್ಚು ಜನರಿಗೆ ಮುಟ್ಟಿಸುವುದಾಗಿತ್ತೇ ಹೊರತು ಬ್ಯಾಕಪ್ ಆಗಿರಲಿಲ್ಲ ಎಂಬುದು ನಿಜ, ಆದರೆ ಫಲ ಎರಡೂ ಆಗಿದೆ.

ಎರಡನೆಯ ಪ್ರತಿಗೆ ಗೂಗಲ್ ಫೋಟೋಸ್ ಒಂದು ದಾರಿ. ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡು, ಈಗ ಜಿಮೇಲ್ ಮತ್ತು ಡ್ರೈವ್ ಸೇರಿ 15 ಜಿ.ಬಿ. ಮಾತ್ರ ಉಚಿತವಾಗಿದೆ; ವಾಟ್ಸ್ಆ್ಯಪಿನ ಬ್ಯಾಕಪ್ ಕೂಡ ಅದರಲ್ಲಿಯೇ ಎಣಿಕೆಯಾಗುತ್ತದೆ. ಹೀಗೆ ನೋಡಿದರೆ ಮೂಲ ಗಾತ್ರದ ಮೂರೂವರೆ ಸಾವಿರ ಚಿತ್ರಗಳಿಗೆ ಅದು ಮುಗಿಯುತ್ತದೆ. ತುಂಬಿದ 64 ಜಿ.ಬಿ. ಕಾರ್ಡನ್ನು ದಿನಕ್ಕೆ 1.5 ಜಿ.ಬಿ.ಯ ರೀಚಾರ್ಜ್ ಇರುವ ಫೋನಿನಿಂದ ಮೇಲೇರಿಸಲು, ಬೇರೆ ಯಾವುದಕ್ಕೂ ಡೇಟಾ ಬಳಸದಿದ್ದರೆ, ಸುಮಾರು 40 ದಿನ ಬೇಕು. ಮನೆಯವರ ಚಿತ್ರ, ಪಹಣಿ ಮತ್ತು ಅಂಕಪಟ್ಟಿಯಂತಹ ಕಾಗದಪತ್ರಗಳ ಚಿತ್ರ ಇಷ್ಟನ್ನೇ ಆರಿಸಿ ಮೇಲೇರಿಸಿ, ಉಳಿದದ್ದಕ್ಕೆ ಕಂಪ್ಯೂಟರನ್ನೋ ಮತ್ತೊಂದು ಕಾರ್ಡನ್ನೋ ನೆಚ್ಚುವುದು ವಾಸ್ತವಕ್ಕೆ ಹತ್ತಿರ. ಇಲ್ಲೊಂದು ಬಲೆಯಿದೆ: ಗೂಗಲ್ ಫೋಟೋಸ್ ಆ್ಯಪಿನ ‘ಫ್ರೀ ಅಪ್ ಸ್ಪೇಸ್’ ಫೋನಿನ ಪ್ರತಿಯನ್ನು ಮಾತ್ರ ತೆಗೆದರೆ, ಅದೇ ಆ್ಯಪಿನಲ್ಲಿ ‘ಡಿಲೀಟ್’ ಒತ್ತಿದ ಚಿತ್ರ ಫೋನಿನಿಂದಲೂ ಮೇಲಿನ ಸಂಗ್ರಹದಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರವನ್ನು 60 ದಿನಗಳೊಳಗೆ ಬುಟ್ಟಿಯಿಂದ ಮರಳಿ ಪಡೆಯಬಹುದು, ಆಮೇಲೆ ಇಲ್ಲ. ಸೀರೆ ವ್ಯಾಪಾರಿಗಳು ಮೂಲ ಚಿತ್ರವನ್ನೇ ಉಳಿಸಿಕೊಳ್ಳಬೇಕು, ಏಕೆಂದರೆ ವಾಟ್ಸ್ಆ್ಯಪಿನಲ್ಲಿ ಕುಗ್ಗಿದ ಪ್ರತಿಯಲ್ಲಿ ಜರಿಯ ಎಳೆ ಮತ್ತು ಬಣ್ಣದ ನವಿರು ಉಳಿಯುವುದಿಲ್ಲ. ಗಿರಾಕಿಗೂ ಅದನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಕುಗ್ಗದೆ ತಲುಪುತ್ತದೆ.

ಕಾರ್ಡಿನ ಕಿಂಡಿಯೇ ಇಲ್ಲದ ಫೋನ್‌ಗಳು ಹೆಚ್ಚುತ್ತಿವೆ. ಐಫೋನಿನಲ್ಲಿ ಅದು ಮೊದಲಿನಿಂದಲೂ ಇಲ್ಲ, ಸ್ಯಾಮ್‌ಸಂಗ್ ತನ್ನ ದುಬಾರಿ ಎಸ್ ಸರಣಿಯಿಂದ 2021ರಲ್ಲಿ ತೆಗೆಯಿತು. ಕೆಲವು ಅಗ್ಗದ ಫೋನ್‌ಗಳಲ್ಲಿ ಇದ್ದರೂ ಎರಡನೆಯ ಸಿಮ್ ಅಥವಾ ಕಾರ್ಡ್ ಎರಡರಲ್ಲೊಂದಕ್ಕೆ ಮಾತ್ರ ಸ್ಥಳವಿರುತ್ತದೆ. ಆಂಧ್ರದ ರಾಯದುರ್ಗದ ಕಡೆ ವ್ಯವಹಾರವಿದ್ದು ಎರಡು ಸಿಮ್ ಬೇಕೇಬೇಕಾದವರಿಗೆ ಈ ಆಯ್ಕೆ ಕಷ್ಟದ್ದು. ಅಂತಹವರು ಫೋನಿನ ಚಾರ್ಜಿಂಗ್ ರಂಧ್ರಕ್ಕೆ ನೇರವಾಗಿ ಸಿಕ್ಕಿಸಬಹುದಾದ ಓಟಿಜಿ ಪೆನ್‌ಡ್ರೈವ್ ಬಳಸಬಹುದು; ನಕಲಿಸುವ, ಪರೀಕ್ಷಿಸುವ, ಆಮೇಲೆ ಅಳಿಸುವ ಕ್ರಮ ಅದಕ್ಕೂ ಅದೇ.

ಹಳೆಯ ಫೋನನ್ನು ಮಾರುವಾಗ ಅಥವಾ ರಿಪೇರಿಗೆ ಕೊಡುವಾಗ ಕಾರ್ಡನ್ನು ತೆಗೆದಿಟ್ಟುಕೊಳ್ಳುವುದು ಅವಶ್ಯ. ಈಚಿನ ಆಂಡ್ರಾಯ್ಡ್ ಫೋನ್‌ಗಳ ಒಳಗಿನ ಸ್ಟೋರೇಜ್ ಗೂಢಲಿಪಿಯಲ್ಲಿರುವುದರಿಂದ ಫ್ಯಾಕ್ಟರಿ ರಿಸೆಟ್ ಮಾಡಿದರೆ ಕೀಲಿಯೊಡನೆ ಎಲ್ಲವೂ ನಿರರ್ಥಕವಾಗುತ್ತದೆ, ಆದರೆ ಪೋರ್ಟಬಲ್ ಕಾರ್ಡಿಗೆ ಸಾಮಾನ್ಯವಾಗಿ ಅಂತಹ ರಕ್ಷಣೆಯಿರುವುದಿಲ್ಲ. ಲಾಕ್ ಇರುವ ಫೋನಿನಿಂದ ಕಾರ್ಡನ್ನು ಎಳೆದು ಬೇರೆ ಫೋನಿಗೆ ಹಾಕಿದವರು ಎಲ್ಲ ಚಿತ್ರಗಳನ್ನೂ ನೋಡಬಹುದು. ಕಾರ್ಡಿನಿಂದ ಅಳಿಸಿದ ಚಿತ್ರಗಳೂ ಕೂಡಲೇ ಇಲ್ಲವಾಗುವುದಿಲ್ಲ. ಅಳಿಸುವುದೆಂದರೆ ಪಟ್ಟಿಯಿಂದ ಹೆಸರು ತೆಗೆಯುವುದಷ್ಟೇ ಆಗಿದ್ದು, ಅದೇ ಜಾಗದಲ್ಲಿ ಬೇರೆಯದನ್ನು ಬರೆಯುವವರೆಗೆ ಫೋಟೊರೆಕ್‌ನಂತಹ ಉಚಿತ ತಂತ್ರಾಂಶಗಳು ಅವುಗಳನ್ನು ಹೊರತೆಗೆಯಬಲ್ಲವು. ತಪ್ಪಿ ಅಳಿಸಿದವರಿಗೆ ಇದು ವರ, ಆದ್ದರಿಂದ ಹಾಗಾದ ಕೂಡಲೇ ಆ ಕಾರ್ಡಿಗೆ ಹೊಸದೇನನ್ನೂ ಬರೆಯದೆ ಹೊರತೆಗೆದು ಕಂಪ್ಯೂಟರಿಗೆ ಒಯ್ಯಬೇಕು. ಕಾರ್ಡನ್ನು ಪರರಿಗೆ ಕೊಡುವವರು ಮಾತ್ರ ಫಾರ್ಮ್ಯಾಟ್ ಮಾಡಿದ ಮೇಲೆ ಯಾವುದಾದರೂ ನಿರುಪಯೋಗಿ ವಿಡಿಯೊಗಳಿಂದ ಅದನ್ನು ತುದಿಯವರೆಗೆ ತುಂಬಿಸಿ, ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ ಕೊಡುವುದು ಒಳ್ಳೆಯದು.